ನಲ್ಲಿಯಣ್ಣನ ಮಗಳ ನಗು

ನನ್ನ ತಮ್ಮ ಹುಟ್ಟಿದ ಕೂಡಲೇ ಅಳುವ ಬದಲು ನಕ್ಕ ಎಂದು ನಮ್ಮಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು. ಶುದ್ಧ ಸುಳ್ಳು. ಬಾಗಿಲ ಹೊರಗೆ ನಿಂತಿದ್ದವಳು ನಾನು, ಬೀದಿಯ ಕೊನೆಯವರೆಗೂ ಕೇಳುವಂತೆ ಅರಚಿದ್ದ. ಆದರೆ ಆಮೇಲಿನದು ನಿಜ. ಮಾತು ಕಲಿತ ದಿನದಿಂದ ಎದುರಿಗಿದ್ದವರನ್ನು ನಗಿಸದೆ ಬಿಟ್ಟವನಲ್ಲ. ನನ್ನಂಥ ಸಿಡುಕಿಯನ್ನೂ ನಗಿಸುತ್ತಾನೆ ಎಂದರೆ ನೀವೇ ಲೆಕ್ಕ ಹಾಕಿ.

ದೊಡ್ಡವನಾಗಿ ಪೈಪು, ನಲ್ಲಿಗಳ ಕೆಲಸ ಹಿಡಿದ. ಬೀದಿಯವರಿಗೆ ಅವನು ನಲ್ಲಿಯಣ್ಣ. ಸಿಂಕಿನ ಕೆಳಗೆ ತಲೆ ತೂರಿಸಿ, ಕಾಲು ಹೊರಗೆ ಚಾಚಿ ಮಲಗಿ, ಅಲ್ಲಿಂದಲೇ ಹರಟೆ ಶುರುಮಾಡುತ್ತಾನೆ. ಮುಖ ಕಾಣುವುದಿಲ್ಲ, ಕಾಲಿನ ಬೆರಳುಗಳು ಮಾತ್ರ ಕುಣಿಯುತ್ತಿರುತ್ತವೆ. ಅವನು ಎದ್ದು ಬರುವ ಹೊತ್ತಿಗೆ ಸಿಂಕು ಸೋರುವುದು ನಿಂತಿರುತ್ತದೆ, ನಕ್ಕೂ ನಕ್ಕೂ ಮನೆಯವರ ಕಣ್ಣು ಸೋರುತ್ತಿರುತ್ತದೆ.

ಅವನ ಹೆಂಡತಿ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಎಲ್ಲಿ ನಿಂತಿದೆ, ಯಾವಾಗ ಹೊರಡುತ್ತದೆ ಎಂದು ಹೇಳುವವಳು. ಅವಳ ಕೋಣೆಯ ಪಕ್ಕದ ನಲ್ಲಿ ಕೆಟ್ಟಾಗ ನಮ್ಮವನೇ ಹೋಗಿದ್ದ. ಅದೇನು ಹೇಳಿದನೋ, ಮೈಕು ಆರಿಸುವುದನ್ನು ಮರೆತು ಅವಳು ಬಿದ್ದು ಬಿದ್ದು ನಕ್ಕಳು. ಇಡೀ ನಿಲ್ದಾಣ ಕೇಳಿತು. ಸಾಹೇಬರು ಕರೆದು ಬೈದರು. ಅವಳು ಬೈಸಿಕೊಂಡು ಬಂದು ಅವನನ್ನೇ ಮದುವೆಯಾದಳು.

ಇವರಿಬ್ಬರಿಗೆ ಹುಟ್ಟಿದ್ದು ಒಂದು ಹೆಣ್ಣು. ಅಂಗೈಯಗಲ ಇತ್ತು, ಮುಟ್ಟಿದರೆ ಚಟಪಟ ಸಿಡಿಯುತ್ತಿತ್ತು. ಸಾಸಿವೆ ಎಂದು ಹೆಸರಿಟ್ಟವಳು ನಾನೇ. ಸೋದರತ್ತೆಗೆ ಅಷ್ಟು ಹಕ್ಕಿಲ್ಲವೇ?

ಸಾಸಿವೆಗೆ ನಡೆಯಲು ಬರುವ ಮೊದಲೇ ಉಬ್ಬಸ ಬಂತು. ಬೇರೆ ಮಕ್ಕಳ ನೆಗಡಿ ಮೂಗಿನಲ್ಲಿ ಮುಗಿದರೆ ಇವಳದು ನೇರ ಎದೆಗೆ ಇಳಿಯುವುದು. ಉಸಿರಾಡಿದರೆ ಬಾಗಿಲ ಸಂದಿಯಲ್ಲಿ ಗಾಳಿ ನುಗ್ಗಿದ ಹಾಗೆ ಸುಂಯ್ ಎನ್ನುವುದು, ಪಕ್ಕೆಲುಬಿನ ನಡುವೆ ಚರ್ಮ ಒಳಗೆ ಹೋಗುವುದು. ನೋಡಿದವರ ಜೀವ ಬಾಯಿಗೆ ಬರುತ್ತಿತ್ತು. ಮನೆಯಿಂದ ಉಣ್ಣೆ ಕಂಬಳಿ ಹೋಯಿತು, ಸೊಳ್ಳೆಬತ್ತಿ ಹೋಯಿತು, ಬಟ್ಟೆಯ ದೂಳೆಂದು ನನ್ನ ಹೊಲಿಗೆ ಯಂತ್ರವನ್ನೂ ಮಹಡಿಯ ಕೋಣೆಗೆ ಗಡೀಪಾರು ಮಾಡಿದರು. ನಾನು ಗೊಣಗುತ್ತಲೇ ಹತ್ತಿದೆ. ಅಲ್ಲಿ ಬೆಳಕು ಚೆನ್ನಾಗಿದೆ ಎಂದು ಇವತ್ತಿಗೂ ಅವರಿಗೆ ಹೇಳಿಲ್ಲ.

ಡಾಕ್ಟರಮ್ಮ ಎರಡು ಪಂಪು ಕೊಟ್ಟಿದ್ದರು. ಕಂದು ಬಣ್ಣದ್ದು ದಿನಾ ಎಳೆಯಬೇಕು, ನೀಲಿಯದು ಉಬ್ಬಸ ಬಂದಾಗ ಮಾತ್ರ. ಎರಡನ್ನೂ ಒಂದು ಪ್ಲಾಸ್ಟಿಕ್ ಕೊಳವೆಗೆ ಸಿಕ್ಕಿಸಿ, ಅದರ ತುದಿಯ ಮುಖವಾಡವನ್ನು ಮಗುವಿನ ಮೂಗು ಬಾಯಿಗೆ ಒತ್ತಿ ಹಿಡಿಯಬೇಕು. ಆಗ ತಾಯಿ ತನ್ನ ಮೈಕಿನ ದನಿಯಲ್ಲಿ, ಆದರೆ ಬಹಳ ಮೆಲ್ಲಗೆ ಹೇಳುತ್ತಿದ್ದಳು: "ಮೆಲ್ಲಗೆ ತಗೋ, ಮೆಲ್ಲಗೆ ಬಿಡು. ಅವಸರ ಇಲ್ಲ ಮರಿ, ಬಸ್ಸು ಇನ್ನೂ ನಿಂತಿದೆ." ಅದನ್ನು ಕೇಳುತ್ತ ಕೇಳುತ್ತ ಮಗುವಿನ ಭುಜ ಇಳಿಯುತ್ತಿತ್ತು.

ಹೀಗೇ ನಡೆದು ಮಗು ಚೆನ್ನಾಗಾಯಿತು. ಓಡಿದಳು, ಜಗಳಾಡಿದಳು, ರಾತ್ರಿ ಕೆಮ್ಮದೆ ಮಲಗಿದಳು. ಆಗ ನಮ್ಮ ನಲ್ಲಿಯಣ್ಣ ತನ್ನ ಕಸುಬಿನ ಬುದ್ಧಿ ತೋರಿಸಿದ. ನೀರು ಸರಾಗವಾಗಿ ಬರುತ್ತಿರುವ ಪೈಪಿಗೆ ಸ್ಪ್ಯಾನರ್ ಹಾಕಬಾರದು ಎಂಬುದು ಅವನ ಕಸುಬಿನ ಮೊದಲ ಪಾಠ. ಕಟ್ಟಿಕೊಂಡರೆ ಬಿಡಿಸು, ಹರಿಯುತ್ತಿದ್ದರೆ ಕೈ ಕಟ್ಟಿ ಕೂರು. ಅದರಂತೆ ಕಂದು ಪಂಪನ್ನು ಕಪಾಟಿನ ಮೇಲೆ ಎತ್ತಿಟ್ಟ. ಚೆನ್ನಾಗಿರುವ ಮಗುವಿಗೆ ಔಷಧಿ ಯಾಕೆ ಎಂದ. ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ.

ಕೆಲವು ವಾರ ಕಳೆದ ಮೇಲೆ ಒಂದು ವಿಚಿತ್ರ ಶುರುವಾಯಿತು. ಅಪ್ಪ ಸಂಜೆ ಬಂದು, ಅಂದಿನ ಕಥೆ ಹೇಳಿ ನಗಿಸುತ್ತಾನೆ. ಮಗು ನಗುತ್ತದೆ. ನಗು ಜೋರಾದ ಕೂಡಲೇ ಕೆಮ್ಮು, ಕೆಮ್ಮಿನ ಹಿಂದೆಯೇ ಆ ಸುಂಯ್. ಬಿದ್ದಾಗ ಅತ್ತರೂ ಬರದ ಉಬ್ಬಸ ಅಪ್ಪನ ಕಥೆ ಕೇಳಿದರೆ ಬರುತ್ತಿತ್ತು. ಕೊನೆಗೆ ಒಂದು ದಿನ ತಾಯಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನಿಲ್ದಾಣದ ದನಿಯಲ್ಲೇ ಹೇಳಿದಳು: "ದಯವಿಟ್ಟು ಗಮನಿಸಿ. ಇವತ್ತಿನಿಂದ ಈ ಮನೇಲಿ ಯಾರೂ ಯಾರನ್ನೂ ನಗಿಸೋ ಹಾಗಿಲ್ಲ."

ಅದು ತಮಾಷೆ ಎಂದುಕೊಂಡು ನಾನು ನಕ್ಕೆ. ಅವಳ ಕಣ್ಣು ತುಂಬಿದ್ದು ನೋಡಿ ಬಾಯಿ ಮುಚ್ಚಿಕೊಂಡೆ.

ಆಮೇಲಿನ ದಿನಗಳನ್ನು ಏನೆಂದು ಹೇಳಲಿ! ತಮ್ಮ ಮನೆಯೊಳಗೆ ಇಂಗು ತಿಂದ ಮಂಗನ ಹಾಗೆ ಕೂರುತ್ತಿದ್ದ. ನಾಲಿಗೆಯ ತುದಿಗೆ ಏನಾದರೂ ಬಂದರೆ ಎದ್ದು ಪಕ್ಕದ ಮನೆಗೆ ಓಡುವನು. ಗೋಡೆಯಾಚೆ ನಗುವಿನ ಸ್ಫೋಟ ಕೇಳುವುದು. ಹಗುರಾಗಿ ವಾಪಸು ಬಂದು ಮತ್ತೆ ಗಂಟುಮುಖ ಹಾಕಿಕೊಳ್ಳುವನು. ಊಟಕ್ಕೆ ಕೂತರೆ ನಾವು ಹವಾಮಾನದ ಬಗ್ಗೆ ಮಾತಾಡುತ್ತಿದ್ದೆವು. ಸಾವಿನ ಮನೆಯಲ್ಲೂ ಇದಕ್ಕಿಂತ ಹೆಚ್ಚು ಮಾತಿರುತ್ತದೆ.

ಒಂದು ಮಧ್ಯಾಹ್ನ ನಾನು ಮಹಡಿಯಲ್ಲಿ ಅಂಗಿಯ ಕಾಲರ್ ಹೊಲಿಯುತ್ತಿದ್ದೆ. ಸಾಸಿವೆ ಬಾಗಿಲಲ್ಲಿ ಬಂದು ನಿಂತಳು. ದೂಳೆಂದು ಒಳಗೆ ಬರುವಂತಿಲ್ಲ, ಆದ್ದರಿಂದ ಹೊಸ್ತಿಲು ಅವಳ ಕುರ್ಚಿ.

"ಅತ್ತೇ, ಅಪ್ಪಂಗೆ ನನ್ ಮೇಲೆ ಕೋಪಾನಾ?"

"ಯಾರೇ ಹೇಳಿದ್ದು?"

"ಪಕ್ಕದ್ಮನೆಯೋರ ಜೊತೆ ನಗ್ತಾನೆ. ನಾನು ಹೋದ್ರೆ ಮುಖ ಆ ಕಡೆ ತಿರುಗಿಸ್ಕೋತಾನೆ. ನಾನೇನ್ ಮಾಡ್ದೆ?"

ನಾನು ಯಂತ್ರ ನಿಲ್ಲಿಸಿದೆ. ನಿನಗೆ ಕೆಮ್ಮು ಬರುತ್ತದೆಂದು ಕಣೇ ಎಂದು ವಿವರಿಸಿದೆ. ಅವಳು ನಂಬಲಿಲ್ಲ. ಐದು ವರ್ಷದವರಿಗೆ ಅಪ್ಪನ ಮುಖ ಹೇಳುವುದೇ ನಿಜ.

ಮರುದಿನ ಅವಳೇ ಅಪ್ಪನನ್ನು ನಗಿಸಲು ಹೊರಟಳು. ಅವನು ಹೊರಗೆ ಕೂತು ನಲ್ಲಿಯ ವಾಷರ್ ಬದಲಾಯಿಸುತ್ತಿದ್ದ. ಕಟ್ಟಿದ ಸಿಂಕಿಗೆ ಒತ್ತುವ ರಬ್ಬರ್ ಬಟ್ಟಲಿರುತ್ತದಲ್ಲ, ಕೋಲು ಸಿಕ್ಕಿಸಿದ್ದು, ಹೊಚ್ಚ ಹೊಸದೊಂದನ್ನು ಅವನ ಚೀಲದಿಂದ ಎಳೆದು ಕಿರೀಟದಂತೆ ತಲೆಗೆ ಕವುಚಿಕೊಂಡಳು. ಒಂದು ಕೈಯಲ್ಲಿ ಎರಡು ಪೈಪಿನ ತುಂಡು ಮೂಗಿನ ಕೆಳಗೆ ಮೀಸೆಯಾಗಿ ಹಿಡಿದು, ಇನ್ನೊಂದು ಕೈ ಸೊಂಟಕ್ಕಿಟ್ಟು, ಥೇಟ್ ಅವನ ದನಿಯಲ್ಲೇ, "ಏನಮ್ಮಾ, ನಿಮ್ಮ ನಲ್ಲಿಗೆ ನೆಗಡಿನಾ?" ಎಂದಳು. ತಮ್ಮ ತುಟಿ ಕಚ್ಚಿದ. ಹೆಗಲ ಟವೆಲ್ಲನ್ನು ಬಾಯಿಗೆ ತುರುಕಿಕೊಂಡ. ಅಷ್ಟರಲ್ಲಿ ಕಿರೀಟ ಜಾರಿ ಅವಳ ಮೂಗಿಗೆ ಬಂತು. ಅವನು ಟವೆಲ್ ಉಗುಳಿ ಗಹಗಹಿಸಿ ನಕ್ಕುಬಿಟ್ಟ.

ಗೆದ್ದೆನೆಂದು ಅವಳೂ ನಕ್ಕಳು. ಎಷ್ಟು ಸಂತೋಷದಿಂದ ನಕ್ಕಳೋ ಅಷ್ಟೇ ಜೋರಾಗಿ ಉಬ್ಬಸ ಬಂತು. ತಾಯಿ ನೀಲಿ ಪಂಪು ಹಿಡಿದು ಓಡಿ ಬಂದಳು. ಮೆಲ್ಲಗೆ ತಗೋ, ಮೆಲ್ಲಗೆ ಬಿಡು. ಉಸಿರು ತಹಬಂದಿಗೆ ಬಂದ ಕೂಡಲೇ ಎಲ್ಲರೂ ಡಾಕ್ಟರಮ್ಮನ ಬಳಿ ಓಡಿದೆವು. ತಮ್ಮನ ಮುಖದಲ್ಲಿ ರಕ್ತವೇ ಇರಲಿಲ್ಲ.

ಡಾಕ್ಟರಮ್ಮ ಎದೆಗೆ ಸ್ಟೆತಸ್ಕೋಪಿಟ್ಟು ಕೇಳಿ, ಗಾಬರಿಯೇನಿಲ್ಲ ಎಂದು ಹೇಳಿ, ಆಮೇಲೆ ಕೇಳಿದರು: "ಕಂದು ಪಂಪು ದಿನಾ ಕೊಡ್ತಿದೀರಾ?"

ತಮ್ಮ ಹೆಮ್ಮೆಯಿಂದಲೇ ತನ್ನ ಪೈಪಿನ ಪಾಠ ಒಪ್ಪಿಸಿದ. ಡಾಕ್ಟರಮ್ಮ ಪೂರ್ತಿ ಕೇಳಿದರು.

"ಚೆನ್ನಾಗಿದೆ. ಆದ್ರೆ ಇದು ಕಬ್ಬಿಣದ ಪೈಪಲ್ಲ, ಜೀವ ಇರೋ ಪೈಪು. ಮಗು ಆರಾಮಾಗಿ ಕಂಡ್ರೂ ಒಳಗಡೆ ಊತ ಇರುತ್ತೆ. ಆ ಊತ ಇಳಿಸಿ ಇಟ್ಟಿದ್ದೇ ಕಂದು ಪಂಪು. ಅದರಿಂದ ಚೆನ್ನಾಗಿದ್ಲು, ನೀವು ಅದನ್ನೇ ನಿಲ್ಲಿಸಿದ್ರಿ. ನಾನು ಹೇಳೋವರೆಗೂ ಬಿಡಬೇಡಿ. ನಕ್ಕರೆ ಕೆಮ್ಮು ಬರ್ತಿತ್ತಾ?"

"ಬರ್ತಿತ್ತು, ಡಾಕ್ಟ್ರೇ. ಅದಕ್ಕೇ ಮನೇಲಿ ನಗೋದನ್ನೇ ನಿಲ್ಲಿಸಿದೀವಿ," ಎಂದಳು ಅವನ ಹೆಂಡತಿ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು. "ನೆಗಡಿ ಬಂತು ಅಂತ ಯಾರಾದ್ರೂ ಮೂಗು ಕೊಯ್ಕೋತಾರೇನ್ರೀ? ನಗು ಇವಳ ಕಾಯಿಲೆ ಅಲ್ಲ. ಕಾಯಿಲೆ ಹತೋಟಿ ತಪ್ಪಿದೆ ಅಂತ ಅದು ಮೊದಲೇ ಬಂದು ಹೇಳ್ತಿತ್ತು, ನೀವು ಹೇಳಿದೋರ ಬಾಯಿ ಮುಚ್ಚಿಸಿದ್ರಿ. ಔಷಧಿ ಸರಿಯಾಗಿ ಕೊಡಿ. ಹೊಟ್ಟೆ ತುಂಬಾ ನಕ್ಕರೂ ಕೆಮ್ಮಬಾರದು, ಅಲ್ಲಿಗೆ ತರಬೇಕು ನಾವು ಇವಳನ್ನ. ಅದಕ್ಕೆ ಇವಳನ್ನ ನಗಿಸೋರು ಬೇಕಲ್ಲ."

ತಮ್ಮ ನನ್ನ ಕಡೆ ತಿರುಗಿದ. ಅಳುತ್ತಿದ್ದಾನೋ ನಗುತ್ತಿದ್ದಾನೋ ತಿಳಿಯಲಿಲ್ಲ.

ಕಂದು ಪಂಪು ಕಪಾಟಿನಿಂದ ಇಳಿದು ಹಲ್ಲುಜ್ಜುವ ಬ್ರಷ್ಷುಗಳ ಪಕ್ಕ ಕೂತಿತು. ಬೆಳಿಗ್ಗೆ ಪಂಪು, ಬಾಯಿ ಮುಕ್ಕಳಿಸು. ಸಂಜೆ ಪಂಪು, ಬಾಯಿ ಮುಕ್ಕಳಿಸು. ಆದರೆ ಅಪ್ಪ ಬಾಯಿ ಬಿಡಲಿಲ್ಲ. ಹೆದರಿದ್ದ. ನಗಿಸಿದ ಪಾಪಕ್ಕೆ ಮಗು ನೀಲಿಗಟ್ಟುವುದನ್ನು ಕನಸಿನಲ್ಲಿ ಕಾಣುತ್ತಿದ್ದನಂತೆ. "ಲೋ, ಡಾಕ್ಟ್ರೇ ಹೇಳಿದಾರಲ್ಲೋ," ಎಂದರೆ, "ಹೊಸ ಜಾಯಿಂಟು ಹಾಕಿದ ಮೇಲೆ ಗೇಟ್ ವಾಲ್ವು ಒಂದೇ ಸಲ ತಿರುಗಿಸಬಾರದಕ್ಕಾ. ಒಂಚೂರು ಬಿಡಬೇಕು, ಸೋರತ್ತಾ ನೋಡಬೇಕು," ಎಂದ. ಈ ಸಲ ಕಸುಬಿನ ಬುದ್ಧಿ ಪರವಾಗಿಲ್ಲ ಎನಿಸಿತು.

ಮೊದಲ ವಾರ ಬರೀ ಹುಬ್ಬು ಕುಣಿಸಿದ. ಅವಳು ಕಿಸಕ್ಕೆಂದಳು, ಕೆಮ್ಮಲಿಲ್ಲ. ಆಮೇಲೆ ಒಂದು ಸಣ್ಣ ಮಾತು, ಸಣ್ಣ ನಗು. ಒಮ್ಮೆ ಸ್ವಲ್ಪ ಕೆಮ್ಮಿದಳು; ಎರಡು ದಿನ ಮತ್ತೆ ಗಂಟುಮುಖ ಹಾಕಿಕೊಂಡ. ಹೆಂಡತಿ ಬೈದು ಸರಿಮಾಡಿದಳು. ವಾರಗಳು ಉರುಳಿದವು, ಮಗು ಮೆಟ್ಟಿಲು ಹತ್ತಿ ಬಂದರೂ ಏದುಸಿರು ಬಿಡುತ್ತಿರಲಿಲ್ಲ.

ಒಂದು ರಜೆಯ ಬೆಳಿಗ್ಗೆ ಸಾಸಿವೆ ಅಪ್ಪನ ತೊಡೆಯೇರಿ, "ಸೋಪಿನ ವಕೀಲರ ಕಥೆ," ಎಂದಳು. ಅದು ಅವನ ಭಂಡಾರದಲ್ಲೇ ದೊಡ್ಡದು. ದೊಡ್ಡವರೇ ಕೇಳಿ ಹೊಟ್ಟೆ ಹಿಡಿದುಕೊಂಡಿದ್ದರು. ಅವನು ಹೆಂಡತಿಯ ಮುಖ ನೋಡಿದ. ಅವಳು ನೀಲಿ ಪಂಪನ್ನು ಸೆರಗಿನಲ್ಲಿ ಹಿಡಿದುಕೊಂಡು ತಲೆಯಾಡಿಸಿದಳು. ನಾನು ಗೋಡೆಗೊರಗಿ ನಿಂತೆ.

ಅವನು ಎದ್ದು, ಮಗಳನ್ನು ಕುರ್ಚಿಯಲ್ಲಿ ಕೂರಿಸಿ, ಟವೆಲ್ ಸುತ್ತಿಕೊಂಡು ವಕೀಲನಾದ. ಮೈತುಂಬ ಸೋಪಿನ ನೊರೆ, ಆಗಲೇ ರಿಪೇರಿಗೆ ಬಂದಿದ್ದ ನಲ್ಲಿಯಣ್ಣ ಮೇಲೆ ವಾಲ್ವು ತಿರುಗಿಸಿ ನೀರು ಬಂದ್ ಮಾಡಿದ್ದ. ಕಣ್ಣು ಬಿಡಲಾಗದೆ ತಡಕಾಡುತ್ತ ಹೊರಬಂದ ವಕೀಲರು, ಗೂಟಕ್ಕೆ ತೂಗುಹಾಕಿದ್ದ ತಮ್ಮದೇ ಕರಿಕೋಟನ್ನು ನಲ್ಲಿಯಣ್ಣನೆಂದುಕೊಂಡು ಅದರ ಕಾಲರ್ ಹಿಡಿದು ವಾದ ಮಂಡಿಸಿದರು. ಕೋಟು ಉತ್ತರ ಕೊಡಲಿಲ್ಲ. "ಮೌನವಾಗಿದ್ದೀಯ ಅಂದ್ರೆ ತಪ್ಪು ಒಪ್ಪಿಕೊಂಡ ಹಾಗೆ!" ಎಂದು ವಕೀಲರು ಗುಡುಗಿದರು. ಆಗ ಛಾವಣಿಯ ಟ್ಯಾಂಕಿನ ಬಳಿಯಿದ್ದ ನಲ್ಲಿಯಣ್ಣ ಮತ್ತೆ ನೀರು ಬಿಟ್ಟ. ವಕೀಲರ ಕಾಲ ಬಳಿ ಬಿದ್ದಿದ್ದ ರಬ್ಬರ್ ಪೈಪು ಹಾವಿನಂತೆ ಬುಸ್ಸೆಂದು ಹೆಡೆಯೆತ್ತಿತು. ಅವರು ಕೋಟನ್ನು ತಬ್ಬಿಕೊಂಡು, "ಕಾಪಾಡಪ್ಪಾ ನಲ್ಲಿಯಣ್ಣ!" ಎಂದು ಅದಕ್ಕೇ ಮೊರೆಯಿಟ್ಟರು. ತಮ್ಮ ನನ್ನನ್ನೇ ಕೋಟು ಮಾಡಿಕೊಂಡು ತಬ್ಬಿ ಕುಣಿದ.

ಸಾಸಿವೆ ನಕ್ಕಳು. ಕುರ್ಚಿಯಿಂದ ಜಾರಿ ನೆಲಕ್ಕೆ ಬಿದ್ದು, ಕಾಲು ಬಡಿದು, ದನಿ ನಿಂತು ಬರೀ ಮೈ ಕುಲುಕುವವರೆಗೂ ನಕ್ಕಳು. ಕಥೆ ಮುಗಿದಿತ್ತು. ತಮ್ಮ ಟವೆಲ್ ಸಮೇತ ಕಲ್ಲಾಗಿ ನಿಂತಿದ್ದ. ತಾಯಿಯ ಬೆರಳು ಪಂಪಿನ ಮೇಲಿತ್ತು. ಕೆಮ್ಮು ಈಗ ಬರುತ್ತದೆ, ಈಗ ಬರುತ್ತದೆ ಎಂದು ನಾವು ಮೂವರೂ ಕಾದೆವು.

ಬರಲಿಲ್ಲ. ಅವಳು ಎದ್ದು ಕೂತು, ಲಂಗದಿಂದ ಕಣ್ಣೊರೆಸಿಕೊಂಡು ನಮ್ಮನ್ನು ನೋಡಿದಳು. ನಾವು ಮೂವರೂ ಎದೆಯುಬ್ಬಿಸಿ ಉಸಿರು ಹಿಡಿದು ನಿಂತಿದ್ದೆವು. ಅವಳು ಹತ್ತಿರ ಬಂದು ಅಪ್ಪನ ಎದೆಯ ಮೇಲೆ ಅಂಗೈಯಿಟ್ಟಳು.

"ಮೆಲ್ಲಗೆ ಬಿಡಪ್ಪಾ," ಎಂದಳು. "ಅವಸರ ಇಲ್ಲ. ಬಸ್ಸು ಇನ್ನೂ ನಿಂತಿದೆ."