ತೊಟ್ಟಿಲಿದ್ದ ಸೂಟು

ಹಳೆಯ ಸಾಮಾನು ತಂದು ಕೋಣೆ ತುಂಬಿದರೆ ಬಾಡಿಗೆ ಹೆಚ್ಚು ಬರುತ್ತದೆ ಎಂದು ಪುಣೆಯಲ್ಲಿ ಮೊದಲು ಯಾರಿಗೆ ಹೊಳೆಯಿತೋ ನನಗೆ ಗೊತ್ತಿಲ್ಲ. ನಾನು ಕೆಲಸಕ್ಕಿದ್ದ ಹೋಟೆಲಿನ ಒಡತಿಗಂತೂ ಚೆನ್ನಾಗಿಯೇ ಹೊಳೆದಿತ್ತು. ಆಗ ಎರಡು ಸಾವಿರದ ಇಸವಿ ದಾಟಿದ ಹೊಸತು. ಪೇಟೆಗಳ ವಾಡೆ ಎಂಬ ಹಳೆಯ ದೊಡ್ಡ ಮನೆಗಳು ಒಂದೊಂದಾಗಿ ಉರುಳಿ ಅಪಾರ್ಟ್‌ಮೆಂಟುಗಳು ಏಳುತ್ತಿದ್ದವು. ಅವುಗಳ ಕಂಬ, ಬಾಗಿಲು, ದೇವರ ಪಟಗಳೆಲ್ಲ ಹಳೆಯ ಸಾಮಾನು ಮಾರುವ ಜುನಾ ಬಜಾರಿನ ದಾರಿಯಾಗಿ ನಮ್ಮ ಹೋಟೆಲಿನ ಸೂಟುಗಳಿಗೆ ಬರುತ್ತಿದ್ದವು. ಯಾರದೋ ಮನೆಯ ಹೊಸ್ತಿಲು ಟೀವಿ ಇಡುವ ಹಲಗೆಯಾಯಿತು. ಕಾಳು ಅಳೆಯುವ ಹಿತ್ತಾಳೆಯ ಕೊಳಗ ಕಸದ ಬುಟ್ಟಿಯಾಯಿತು. ಒಂದು ಸೂಟಿನಲ್ಲಿ ವಿಠೋಬ ಸೊಂಟದ ಮೇಲೆ ಕೈಯಿಟ್ಟುಕೊಂಡು, ಬಾತ್‌ರೂಮಿನ ಬಾಗಿಲಿಗೆ ಎದುರಾಗಿ, ಒದ್ದೆ ಟವೆಲ್ ಸುತ್ತಿಕೊಂಡು ಬರುವವರನ್ನು ನೋಡುತ್ತ ನಿಂತಿದ್ದ. ಹೌಸ್‌ಕೀಪಿಂಗ್ ಮೇಲ್ವಿಚಾರಣೆ ನನ್ನದು. ಅವನ ಧೂಳು ಒರೆಸುವಾಗ ಮನಸ್ಸಿನಲ್ಲೇ ತಪ್ಪಾಯಿತು ಎನ್ನುತ್ತಿದ್ದೆ. ಬಾಯಿಬಿಟ್ಟು ಹೇಳಿದರೆ ಕೆಲಸ ಹೋಗುತ್ತಿತ್ತು.

ಇಷ್ಟನ್ನೂ ಸಹಿಸಿಕೊಂಡಿದ್ದೆ. ಸಹಿಸಲಾಗದ್ದು ಮೇಲಿನ ಮೂಲೆಯ ಸೂಟಿನ ತೊಟ್ಟಿಲು. ತೇಗದ್ದು, ಮೂಲೆಗೊಂದು ಕೆತ್ತಿದ ಗಿಳಿ, ಹಿತ್ತಾಳೆಯ ಸರಪಳಿ. ಕಿಟಕಿಯ ಪಕ್ಕ ತೊಲೆಗೆ ತೂಗುಹಾಕಿದ್ದರು. ಹಿಂದಿನ ಗೋಡೆಯ ಮೇಲೆ ಬೆಣ್ಣೆ ತಿನ್ನುವ ಕೃಷ್ಣನ ದೊಡ್ಡ ಪಟ, ತೊಟ್ಟಿಲೊಳಗೆ ಇಂಗ್ಲಿಷ್ ಪತ್ರಿಕೆಗಳು. ಬಂದವರೆಲ್ಲ ಪತ್ರಿಕೆ ಎತ್ತಿಟ್ಟು, ಫೋನಿನಲ್ಲಿ ಮಾತಾಡುತ್ತ, ಸುಮ್ಮನೆ ಅದನ್ನು ತೂಗುತ್ತಿದ್ದರು. ಖಾಲಿ ತೊಟ್ಟಿಲು ತೂಗಬಾರದು, ತೂಗಿದರೆ ಕೂಸಿಗೆ ಕೇಡು ಎಂಬುದು ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು. ನಾನಾಗ ಐದು ತಿಂಗಳ ಬಸುರಿ. ಹಿಂದಿನ ವರ್ಷ ಇದೇ ಐದರಲ್ಲಿ ಒಂದು ಕೂಸು ಹೋಗಿತ್ತು. ಅದಕ್ಕೆಂದು ನಾನೂ ನನ್ನ ಗಂಡನೂ ಆರಿಸಿಟ್ಟಿದ್ದ ಹೆಸರು ಹಾಗೆಯೇ ಉಳಿದಿತ್ತು.

ಆ ತೊಟ್ಟಿಲು ನನ್ನದಲ್ಲ, ನನ್ನ ಮಗು ಅದರಲ್ಲಿ ಮಲಗುವುದೂ ಇಲ್ಲ ಎಂದು ನನಗೇನು ತಿಳಿಯದೇ? ಆದರೂ ಸರಪಳಿ ಕಿರುಗುಟ್ಟಿದರೆ ಕೈ ತಾನಾಗಿ ಹೊಟ್ಟೆಗೆ ಹೋಗುತ್ತಿತ್ತು. ಕೆಳಗೆ ಚಾದರ ಮಡಿಸುವಾಗಲೂ ಕಿವಿ ಮೇಲೆಯೇ. ಮನೆಗೆ ಹೋಗುವ ಖಡಕಿಯ ಬಸ್ಸಿನಲ್ಲಿ ಕೂತರೂ ಅದೇ ಸದ್ದು. ಕೊನೆಗೆ ಅತ್ತೆಗೆ ಹೇಳಿದೆ. ನನಗೆ ತಾಯಿಯಿಲ್ಲ, ಬಾಣಂತನ ಮಾಡಬೇಕಾದವರು ಅವರೇ. ಮಗನಿಗೆ ಖಡಕಿಯ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕ ಮೇಲೆ ಕಲಬುರಗಿ ಕಡೆಯಿಂದ ಬಂದು ನಮ್ಮ ಜೊತೆಗಿದ್ದರು.

"ಖಾಲಿ ಇದ್ರ ತಾನ ತ್ರಾಸ?" ಎಂದರು ಅತ್ತೆ. "ತುಂಬಿಸಿ ಬಿಡು."

"ಏನ್ ತುಂಬಸ್ಲಿ ಅತ್ತಿ? ಅದು ಹೋಟೆಲ್ ಅದ."

ಅವರು ಎದ್ದು ಹೋಗಿ ಚಟ್ನಿ ಅರೆಯುವ ಗುಂಡಕಲ್ಲು ತಂದರು. ಹೆಸರಿಡುವ ದಿನ ನಮ್ಮಲ್ಲಿ ಮಗುವಿಗಿಂತ ಮೊದಲು ತೊಟ್ಟಿಲಿಗೆ ಹಾಕುವುದು ಅದನ್ನೇ. ಅವತ್ತಿನ ಮಟ್ಟಿಗೆ ಅದು ಮನೆಯ ಹಿರಿಯ ಮಗು. ಹಿಂದೆ ಬರುವ ಕೂಸು ಅದರ ಹಾಗೆ ಗಟ್ಟಿಯಾಗಿರಲಿ ಎಂದು. ಅತ್ತೆ ಅದಕ್ಕೆ ಎಣ್ಣೆ ಹಚ್ಚಿ, ಖಣದ ಬಟ್ಟೆ ಸುತ್ತಿ, ತಲೆಯ ಕಡೆಗೆ ತಾವೇ ಹೊಲಿದ ಪುಟ್ಟ ಕುಂಚಿಗೆ ತೊಡಿಸಿದರು. ಬಸುರಿ ಭಾರ ಎತ್ತಬಾರದೆಂದು ನಮ್ಮವರು ಗೊಣಗುತ್ತಲೇ ಸ್ಕೂಟರಿನ ಮೇಲೆ ಹೋಟೆಲಿನವರೆಗೆ ತಂದುಕೊಟ್ಟರು.

ಪತ್ರಿಕೆ ತೆಗೆದು ಕಲ್ಲನ್ನು ಮಲಗಿಸಿದೆ. ಒಡತಿ ಅಡುಗೆಮನೆ ಕಂಡವರಲ್ಲ. ತೊಟ್ಟಿಲ ಜೊತೆ ಬಂದ ಯಾವುದೋ ವಾಡೆಯ ಕುಲದೇವರು ಎಂದುಕೊಂಡು ಮೇಲೊಂದು ದೀಪ ಹಾಕಿಸಿದರು, ಅತಿಥಿಗಳಿಗೂ ಹಾಗೆಯೇ ಹೇಳತೊಡಗಿದರು. ನಮ್ಮ ಶೇಂಗಾ ಚಟ್ನಿಯ ಕಲ್ಲಿಗೆ ದೆಹಲಿಯವರೊಬ್ಬರು ಕೈಮುಗಿದದ್ದನ್ನು ಕಂಡು, ಹೊರಗೆ ಬಂದು ಚಾದರದಲ್ಲಿ ಮುಖ ಮುಚ್ಚಿಕೊಂಡು ನಕ್ಕೆ. ಆಮೇಲೆ ಯಾರೂ ಆ ತೊಟ್ಟಿಲು ತೂಗಲಿಲ್ಲ. ಐದು ತಿಂಗಳು ದಾಟಿತು, ಏಳೂ ದಾಟಿತು. ರಜೆ ಹಾಕಿ ಮನೆಗೆ ಹೊರಟಾಗಲೂ ಕಲ್ಲನ್ನು ಅಲ್ಲೇ ಬಿಟ್ಟೆ. ತೆಗೆಯಲು ಧೈರ್ಯವಾಗಲಿಲ್ಲ.

ಮಗಳು ಹುಟ್ಟಿದಳು. ಹುಟ್ಟಿದ ಮೇಲಾದರೂ ನೆಮ್ಮದಿ ಬಂತೇ ಎಂದರೆ ಇಲ್ಲ. ಮಲಗಿದ್ದವಳ ಮೂಗಿನ ಮುಂದೆ ಗಳಿಗೆಗೊಮ್ಮೆ ಬೆರಳು ಹಿಡಿದು ನೋಡುತ್ತಿದ್ದೆ. ಮೂರನೆಯ ತಿಂಗಳಲ್ಲಿ ತೊಟ್ಟಿಲಿಗೆ ಹಾಕುವ ದಿನ ಗೊತ್ತಾಯಿತು. ಹಿಂದಿನ ದಿನ ಅತ್ತೆ ಹೇಳಿದರು: "ಹೋಗಿ ಆ ಕಲ್ಲು ತಗೊಂಡು ಬಾ. ಇಷ್ಟ್ ದಿನ ಜಾಗಾ ಕಾದದ್ದು ಅದು. ಬ್ಯಾರೆದು ನಡಿಯಂಗಿಲ್ಲ."

"ಖಡಕ್ಯಾಗ ಕಲ್ಲಿಗೇನ್ ಬರ ಬಿದ್ದದೇನವ್ವಾ?" ಎಂದರು ನಮ್ಮವರು. ಅತ್ತೆ ಆಗಲೇ ನನ್ನ ಕೈಗೆ ಚೀಲ ಕೊಡುತ್ತಿದ್ದರು.

ಹೋಟೆಲಿಗೆ ಹೋದರೆ ಆ ಸೂಟಿನಲ್ಲಿ ನಾಗಪುರ ಕಡೆಯ ಮುದುಕರೊಬ್ಬರು ಇಳಿದಿದ್ದರು. ಬಂದಾಗಿನಿಂದ ಎಲ್ಲರ ಜೀವ ಹಿಂಡುತ್ತಿದ್ದಾರೆ ಎಂದಳು ರಿಸೆಪ್ಶನಿನ ಹುಡುಗಿ. ಚಹಾ ತಣ್ಣಗಿದೆಯಂತೆ, ದಿಂಬು ಕಲ್ಲಿನಂತಿದೆಯಂತೆ, ಕೃಷ್ಣ ಕಣ್ಣು ಬಿಟ್ಟುಕೊಂಡು ನೋಡುವುದರಿಂದ ನಿದ್ದೆ ಬರುವುದಿಲ್ಲವಂತೆ. ತೊಟ್ಟಿಲಲ್ಲಿರುವುದನ್ನು ತೆಗೆದುಕೊಂಡು ಹೋಗಿ ಎಂದೂ ಕೂಗಾಡಿದ್ದರಂತೆ. ಮೆಟ್ಟಿಲಿನ ಕಡೆ ಓಡಿದೆ. ಮೇಲೆ ಹೋದರೆ ಬಾಗಿಲಿಗೆ, ತೊಂದರೆ ಕೊಡಬೇಡಿ ಎಂಬ ಫಲಕ. ಆ ಫಲಕವಿದ್ದಾಗ ಬಾಗಿಲು ಬಡಿದ ಕೆಲಸದ ಹುಡುಗಿಯರಿಗೆ ಹಿಂದೆ ನಾನೇ ಬೈದವಳು. ಆದರೆ ಮನೆಯಲ್ಲಿ ಮಗು ಎದ್ದಿರುತ್ತದೆ, ಹಾಲು ಇಳಿದು ಕುಪ್ಪಸ ಒದ್ದೆಯಾಗುತ್ತಿತ್ತು. ಬಡಿದೆ.

"ಕಾಯ್ ಆಹೇ?" ಏನದು ಎಂದು ಗದರಿಕೊಂಡೇ ಮುದುಕರು ಬಾಗಿಲು ತೆಗೆದರು. ಅವರ ಹೆಗಲ ಹಿಂದೆ ತೊಟ್ಟಿಲು ಕಂಡಿತು. ಖಾಲಿ. ಕಿಟಕಿಯ ಗಾಳಿಗೆ ತನ್ನಷ್ಟಕ್ಕೆ ತೂಗುತ್ತಿತ್ತು. ಅದರ ಕಡೆ ಬೆರಳು ತೋರಿಸಿದೆ.

"ಹಾಂ, ಅದೇ," ಎಂದು ಅವರು ಮರಾಠಿಯಲ್ಲಿ ರೇಗಿದರು. "ತೆರೆದ ಕಿಟಕಿಯ ಪಕ್ಕ, ಇಂಥ ಗಾಳಿಯಲ್ಲಿ, ಯಾರಾದರೂ ಹಾಗೆ ಬಿಟ್ಟು ಹೋಗುತ್ತಾರೇನು? ತೂಗಾಡಿ ಕೆಳಗೆ ಬಿದ್ದರೆ? ನಿನ್ನೆಯಿಂದ ಹೇಳುತ್ತಿದ್ದೇನೆ, ಒಬ್ಬರೂ ಬರಲಿಲ್ಲ."

ಮಂಚದ ಮೇಲೆ, ಗೋಡೆಯ ಕಡೆಗೆ, ಮಲಗಿತ್ತು ನಮ್ಮ ಕಲ್ಲು. ಕುಂಚಿಗೆಯಷ್ಟೇ ಹೊರಗಿರುವಂತೆ ತಮ್ಮ ಶಾಲು ಹೊದಿಸಿದ್ದರು. ಉರುಳಿ ಬೀಳದಂತೆ ಈಚೆಗೆ ಆ ಗಟ್ಟಿ ದಿಂಬನ್ನು ಒತ್ತಿಟ್ಟಿದ್ದರು.

ಅವರೇ ಎತ್ತಿ ಕೊಟ್ಟರು. ಒಂದು ಕೈ ಅಡಿಗೆ, ಇನ್ನೊಂದು ಕುಂಚಿಗೆಯ ಹಿಂದೆ, ಕತ್ತು ನಿಲ್ಲದ ಕೂಸನ್ನು ಕೊಡುವ ಹಾಗೆ. ನಾನೂ ಹಾಗೆಯೇ ಈಸಿಕೊಂಡೆ. ಐದು ತಿಂಗಳಿಗೇ ಹೋದ ಆ ಮೊದಲಿನ ಕೂಸನ್ನು ಆಸ್ಪತ್ರೆಯಲ್ಲಿ ನನ್ನ ಕೈಗೆ ಯಾರೂ ಕೊಟ್ಟಿರಲಿಲ್ಲ. ಮುದುಕರ ಎದುರಿಗೇ ನನಗೆ ಅಳು ಬಂತು. ಅವರು ತಿರುಗಿ ಹೋಗಿ ಕಿಟಕಿ ಮುಚ್ಚಿದರು.

ಮರುದಿನ ಕಲ್ಲನ್ನೇ ಮೊದಲು ತೊಟ್ಟಿಲಿಗೆ ಹಾಕಿದೆವು. "ಹಿರೇ ಮಗನ ಹೆಸರೇನ್ರಿ?" ಎಂದು ಹೆಂಗಸರು ನಗುತ್ತ ಕೇಳಿದರು. ಆಗ ಏನಾದರೊಂದು ತಮಾಷೆಯ ಹೆಸರು ಹೇಳುವುದು ವಾಡಿಕೆ. ಅತ್ತೆ ನನ್ನ ಮುಖ ನೋಡಿದರು. ನಾನು ಬಗ್ಗಿ, ಕುಂಚಿಗೆ ಸರಿಸಿ, ಉಳಿದುಹೋಗಿದ್ದ ಆ ಹೆಸರನ್ನು ಕಲ್ಲಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದೆ.

"ಜೋರಾಗಿ ಹೇಳವ್ವಾ, ನಮಗೂ ಕೇಳ್ಲಿ," ಎಂದರು ಯಾರೋ.

ನಾನು ಕುಂಚಿಗೆಯನ್ನು ಮತ್ತೆ ಸರಿಮಾಡುತ್ತ ಬಗ್ಗಿಯೇ ಇದ್ದೆ. ಬಾಗಿಲಲ್ಲಿ ನಿಂತಿದ್ದ ನಮ್ಮವರು ಆ ಹೆಸರನ್ನು ಎಲ್ಲರಿಗೂ ಕೇಳುವಂತೆ ಹೇಳಿದರು.