ತೂಕಕ್ಕೆ ಹೆಚ್ಚಾದವನು

ಹಾಯಿದೋಣಿಗಳನ್ನು ಒಂದು ಬಂದರಿನಿಂದ ಇನ್ನೊಂದಕ್ಕೆ ಮುಟ್ಟಿಸುವುದು ಅವನ ಕಸುಬು. ಪಂದ್ಯ ಮುಗಿದೊಡನೆ ಮಾಲೀಕರು ವಿಮಾನ ಹತ್ತುತ್ತಿದ್ದರು. ತಳ ಸೋರುವ ಹಳೆಯ ದೋಣಿಯನ್ನು ಊರಿಗೆ ತರುವ ಪಾಡು ಅವನದು. ಎಲ್ಲರಿಗೂ ಅವನು ‘ಮಾವ’. ಪಂದ್ಯಕ್ಕೆ ಮಾತ್ರ ಯಾರೂ ಕರೆದವರಿಲ್ಲ.

ಅವನು ಹಲವು ವರ್ಷ ಸಾಗಿಸಿದ್ದ ಒಂದು ದೋಣಿಯನ್ನು ಮಾರಲು ನಿಶ್ಚಯಿಸಿದ ವರ್ಷ ಅದರ ಮಾಲೀಕ ಮಾತು ಕೊಟ್ಟ: “ಮಾವ, ಈ ಕೊನೇ ಪಂದ್ಯಕ್ಕೆ ಚುಕ್ಕಾಣಿ ನಿಮ್ದೇ.”

ಪಂದ್ಯದ ದೋಣಿಯಲ್ಲಿ ಆಳುಗಳ ಒಟ್ಟು ತೂಕಕ್ಕೆ ಮಿತಿಯಿದೆ. ಅವನು ರಾತ್ರಿಯೂಟ ಬಿಟ್ಟ. “ಈ ವಯಸ್ಸಲ್ಲಿ ಯಾರ ಮನೆ ಹೆಣ್ಣು ನೋಡೋಕೆ ಹೊರಟಿದೀರಿ?” ಎಂದು ಹೆಂಡತಿ ಹಂಗಿಸಿದಳು. ದೋಣಿಯನ್ನು ಪಂದ್ಯದ ಬಂದರಿಗೆ ತಂದವನೂ ಅವನೇ. ಅದು ಹಗುರಾಗಲೆಂದು ಒಲೆ, ಹಾಸಿಗೆ, ಲಂಗರಿನ ಸರಪಳಿಯನ್ನೆಲ್ಲ ತಾನೇ ಹೊತ್ತು ದಡಕ್ಕೆ ಹಾಕಿದ.

ಪಂದ್ಯದ ಬೆಳಿಗ್ಗೆ ಎಲ್ಲರನ್ನೂ ತೂಗಿದರು. ತಂಡದಲ್ಲಿದ್ದ ಮಾಲೀಕನ ಅಳಿಯ ಮದುವೆಯಾದ ಮೇಲೆ ಚೆನ್ನಾಗಿ ಊದಿದ್ದ. ಒಟ್ಟು ತೂಕ ಮಿತಿ ಮೀರಿತು, ಒಬ್ಬರು ಇಳಿಯಲೇಬೇಕು. ಮಾಲೀಕ ಅಳಿಯನನ್ನು ಬಿಟ್ಟು ಅವನ ಹೆಗಲ ಮೇಲೆ ಕೈಯಿಟ್ಟ. “ಮಾವ, ನೀವು ಸುಧಾರಿಸ್ಕೊಳ್ಳಿ. ಹೇಗೂ ನಾಳೆ ವಾಪಸ್ ಒಯ್ಯೋರು ನೀವೇ ಅಲ್ವಾ?”

“ಅಳಿಯಂದಿರು ಇಳಿದ್ರೆ ನನ್ನಂಥವರು ಇಬ್ರು ಹತ್ತಬಹುದು,” ಎಂದ ಅವನು.

ಎಲ್ಲರೂ ಬಿದ್ದು ಬಿದ್ದು ನಕ್ಕರು, ಅಳಿಯನೂ ನಕ್ಕ. ನಗು ಮುಗಿದ ಮೇಲೆ ದೋಣಿ ಹೊರಟಿತು. ಅವನು ದಡದಲ್ಲಿ ಹಾಸಿಗೆಗಳ ಮೇಲೆ ಕುಳಿತಿದ್ದ.

ಮರುದಿನ ಒಲೆಯನ್ನೂ ಸರಪಳಿಯನ್ನೂ ಮತ್ತೆ ಒಳಗೆ ಹೊತ್ತು ಹಾಕಿ, ಚುಕ್ಕಾಣಿ ಹಿಡಿದು ದೋಣಿಯನ್ನು ಊರಿಗೆ ತಂದ.

“ಗೆದ್ರಾ?” ಎಂದಳು ಹೆಂಡತಿ, ಬಾಗಿಲಲ್ಲೇ.

“ದೋಣಿ ಗೆಲ್ತು ಕಣೇ. ತಟ್ಟೆ ಹಾಕು.”