ಬೆಟ್ಟದ ಕಡೆ ಮುಖ ಮಾಡಿದ ಆಂಟೆನಾ

ಮೊಬೈಲ್ ಟವರ್‌ಗಳು ಕುಡಿಯುವ ಕರೆಂಟನ್ನು ಕಡಿಮೆ ಮಾಡುವುದು ನನ್ನ ಕೆಲಸ. ತುಮಕೂರಿನ ಆಫೀಸಿನಲ್ಲಿ ಕುಳಿತು ದಿನವಿಡೀ ಗ್ರಾಫ್ ನೋಡುತ್ತೇನೆ. ಇದನ್ನು ಬೇರೆಯವರಿಗೆ ವಿವರಿಸಲು ನಾನು ಒದ್ದಾಡಿದರೆ, ನಮ್ಮ ಅತ್ತೆ ನೆಂಟರಿಗೆ ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಾರೆ: "ನಮ್ ಸೊಸೆ ಟವರ್ ಆಫ್ ಮಾಡ್ತಾಳೆ."

ನನ್ನ ಮೊದಲ ಗೆಲುವು ಗುಬ್ಬಿ ಕಡೆಯ ಒಂದು ಟವರ್‌ನಲ್ಲಿ. ಯಂತ್ರಗಳಿದ್ದ ಕೋಣೆಯ ಎಸಿ ತೆಗೆಸಿ, ಹೊರಗಿನ ಗಾಳಿ ಎಳೆಯುವ ಫ್ಯಾನ್ ಹಾಕಿಸಿದೆ. ಮೀಟರ್ ಓಟ ನಿಧಾನವಾಯಿತು, ಯಂತ್ರಗಳಿಗೂ ಸೆಕೆಯಾಗಲಿಲ್ಲ. ಆಫೀಸಿನಲ್ಲಿ ಎಲ್ಲರೂ ಹೊಗಳಿದರು. ಆ ಹೊಗಳಿಕೆ ನನ್ನ ತಲೆಗೇರಿತು.

ಮುಂದಿನ ಸರದಿ ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗದ ಬುಡದಲ್ಲಿದ್ದ ಟವರ್‌ನದು. ಅದರ ಮೂರು ಆಂಟೆನಾಗಳಲ್ಲಿ ಒಂದು ಊರಿನ ಕಡೆ, ಇನ್ನೊಂದು ರಸ್ತೆ ಕಡೆ, ಮೂರನೆಯದು ಬೆಟ್ಟದ ಕಡೆ ಮುಖ ಮಾಡಿತ್ತು. ಬೆಟ್ಟದ ಕಡೆಯದನ್ನು ಒಂದು ವಾರ ಕಂಪ್ಯೂಟರ್‌ನಲ್ಲೇ ಗಮನಿಸಿದೆ. ಹಗಲಲ್ಲಿ ಅಲ್ಲಿ ಕಾಣುತ್ತಿದ್ದದ್ದು ಒಂದೇ ಒಂದು ಫೋನು. ಅದೂ ಮಧ್ಯಾಹ್ನ ಸ್ವಲ್ಪ ಹೊತ್ತು. ಬಂಡೆಗಳಿಗೆ ಸಿಗ್ನಲ್ ಯಾಕೆ ಅಂದುಕೊಂಡು, ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ ಆ ಆಂಟೆನಾ ಪೂರ್ತಿ ಮಲಗಿರುವಂತೆ ಕೂತಲ್ಲಿಂದಲೇ ಹೊಂದಿಸಿದೆ. ಉಳಿತಾಯದ ಗ್ರಾಫ್ ಅಂದವಾಗಿ ಬಂತು. ಅದನ್ನು ಮನೆಯವರಿಗೂ ತೋರಿಸಿದೆ.

ಎರಡು ವಾರ ಕಳೆದಿರಬೇಕು. ಆ ಟವರ್ ನೋಡಿಕೊಳ್ಳುವ ಟೆಕ್ನಿಷಿಯನ್ ಫೋನ್ ಮಾಡಿದರು. ಇಪ್ಪತ್ತು ವರ್ಷ ಟವರ್ ಹತ್ತಿ ಇಳಿದ ಅನುಭವಸ್ಥರು, ಸುಮ್ಮನೆ ಗಾಬರಿಯಾಗುವವರಲ್ಲ.

"ಮೇಡಂ, ಇಲ್ಲೊಬ್ರು ಅಮ್ಮ ಗೇಟ್ ಮುಂದೆ ಕೂತ್ಬುಟ್ಟವ್ರೆ. ಆಫ್ ಮಾಡ್ದೋರು ಬರೋಗಂಟ ಏಳಲ್ವಂತೆ. ಮೇಕೆನೂ ಹೊಡ್ಕಂಡು ಬಂದವ್ರೆ. ಒಂದು ಆಗ್ಲೇ ಒಳಗೆ ನುಗ್ತು."

ಬಸ್ಸು ಹಿಡಿದು ಕುಣಿಗಲ್‌ಗೆ ಹೋದೆ. ಅಲ್ಲಿಂದ ಟೆಕ್ನಿಷಿಯನ್ ಬೈಕಿನಲ್ಲಿ ಕರೆದೊಯ್ದರು. ಗೇಟಿನ ನೆರಳಲ್ಲಿ ಐವತ್ತೈದರ ಆಸುಪಾಸಿನ ಹೆಂಗಸು ಎಲೆ ಅಡಿಕೆ ಹಾಕಿಕೊಂಡು ಆರಾಮಾಗಿ ಕುಳಿತಿದ್ದರು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಏನವ್ವಾ, ನಮ್ ಸಿಗ್ನಲ್ ಕಿತ್ಕಂಡೋಳು ನೀನೇನಾ?"

"ಹೌದಮ್ಮ. ಕರೆಂಟ್ ಉಳಿಸೋಕೆ..."

"ಉಳ್ಸು, ಬ್ಯಾಡ ಅಂದೋರ್ಯಾರು? ನಂಗೆ ಆ ಬಂಡೆ ಸಂದೀಲಿ ಹಾವ್ ಕಚ್ಚಿದ್ರೆ ಯಾರ್ಗೆ ಫೋನ್ ಮಾಡ್ಲಿ ಹೇಳು."

ಗ್ರಾಫ್‌ನಲ್ಲಿ ಕಂಡ ಆ ಒಂದೇ ಒಂದು ಫೋನು ಇವರದು. ದಿನಾ ಮೇಕೆ ಬಿಟ್ಟುಕೊಂಡು ಇಳಿಜಾರಿನಲ್ಲಿ ಕುಳಿತು, ಗುಬ್ಬಿ ಹತ್ತಿರದ ತವರಿನ ನಾಲ್ಕು ಹೆಂಗಸರಿಗೆ ಫೋನಿನಲ್ಲೇ ಸೋಬಾನೆ ಪದ ಕಲಿಸುತ್ತಿದ್ದರಂತೆ. ಅವರ ತಾಯಿಗೆ ಬರುತ್ತಿದ್ದ ಪದಗಳು. ತಾಯಿ ಹೋದ ಮೇಲೆ ಪೂರ್ತಿಯಾಗಿ ಬರುತ್ತಿದ್ದದ್ದು ಇವರೊಬ್ಬರಿಗೇ. ತವರಲ್ಲಿ ಮದುವೆಯೊಂದು ಹತ್ತಿರವಾಗಿತ್ತು. ಅರ್ಧದಷ್ಟು ಪದಗಳು ಇನ್ನೂ ಬಾಕಿ.

"ಬಾ, ತೋರಿಸ್ತೀನಿ," ಎಂದು ಎದ್ದರು. ಸಿಗ್ನಲ್ ಅಳೆಯುವ ಫೋನು ಹಿಡಿದು ಅವರ ಹಿಂದೆ ಹೊರಟೆ, ಟೆಕ್ನಿಷಿಯನ್ ಕೂಡ ಬಂದರು. ಆಫೀಸಿನ ಚಪ್ಪಲಿ, ನೆತ್ತಿ ಮೇಲೆ ಬಿಸಿಲು, ಸೀರೆಯ ಸೆರಗಿಗೆ ಮುಳ್ಳು. ಬೇರೆ ಟವರ್‌ನ ಸಿಗ್ನಲ್ ಎಲ್ಲಾದರೂ ಸಿಕ್ಕೀತೆಂದು ಹುಡುಕುತ್ತಾ ಹೋದೆ. ಒಂದು ಎತ್ತರದ ಬಂಡೆಯ ಮೇಲೆ ಸಿಕ್ಕಿತು. ಸಂತೋಷದಿಂದ ಕೂಗಿದೆ.

"ಅಮ್ಮ, ಇಲ್ಲಿಗೆ ಬಂದ್ರೆ ಮಾತಾಡ್ಬೋದು!"

"ನಾನ್ ಬತ್ತೀನಿ ಕಣವ್ವಾ. ಮೇಕೆ ಬಂಡೆ ತಿಂತವಾ?"

ಟೆಕ್ನಿಷಿಯನ್ ಆ ಕಡೆ ತಿರುಗಿ ನಗು ತಡೆದುಕೊಂಡರು. ನಾನು ತಡೆದುಕೊಳ್ಳಲಿಲ್ಲ.

ಆ ಇಳಿಜಾರಿನಲ್ಲಿ ಇನ್ನೊಂದು ಸಂಗತಿಯೂ ತಿಳಿಯಿತು. ನಾನು ಲೆಕ್ಕ ಹಾಕಿದ ವಾರ ಬೆಟ್ಟದ ಆಚೆ ಬದಿಗೆ ಮಳೆ ಬಿದ್ದು ಹುಲ್ಲು ಚಿಗುರಿತ್ತಂತೆ. ಉಳಿದ ಮೇಕೆಯವರೆಲ್ಲ ಅತ್ತ ಹೋಗಿದ್ದರು. ಈಚೆ ಉಳಿದವರು ಇವರೊಬ್ಬರೇ. ನನ್ನ ಗ್ರಾಫ್ ಸುಳ್ಳು ಹೇಳಿರಲಿಲ್ಲ. ನಾನೇ ಅದನ್ನು ಪೂರ್ತಿ ಕೇಳಿರಲಿಲ್ಲ.

ಕೆಳಗಿಳಿದು ಗೇಟಿನ ಬಳಿಯೇ ಲ್ಯಾಪ್‌ಟಾಪ್ ತೆರೆದೆ. ಆ ಆಂಟೆನಾದಿಂದ ಮೂರು ಬ್ಯಾಂಡ್‌ಗಳ ಸಿಗ್ನಲ್ ಹೊರಡುತ್ತದೆ. ಜನ ಹೆಚ್ಚಿದ್ದರೆ ಮೂರೂ ಬೇಕು, ಕಡಿಮೆಯಿದ್ದರೆ ದೂರ ಹೋಗುವ ಒಂದು ಸಾಕು. ದುರಾಸೆಯಿಂದ ನಾನು ಮೂರನ್ನೂ ಮಲಗಿಸಿದ್ದೆ. ಈಗ ಒಂದನ್ನು ಎಬ್ಬಿಸಿ, ಎರಡನ್ನು ಮಲಗಲು ಬಿಟ್ಟೆ. ಉಳಿತಾಯ ತುಸು ಕಮ್ಮಿಯಾಯಿತು, ಅಷ್ಟೇ.

ಅವರ ಫೋನಿನಲ್ಲಿ ಕಡ್ಡಿಗಳು ಮೂಡಿದವು. ತಕ್ಷಣ ತವರಿಗೆ ಕರೆ ಹೋಯಿತು. ಆ ಕಡೆಯಿಂದ ನಾಲ್ಕು ಗಂಟಲು ಒಟ್ಟಿಗೇ ಬೈಯತೊಡಗಿದವು.

"ಎಲ್ಲೋಗಿದ್ದೆ ಎರಡ್ ವಾರ? ಮದ್ವೆ ಬಂದೇ ಬುಡ್ತಲ್ಲೇ!"

"ನನ್ನೇನ್ ಕೇಳ್ತೀರಾ? ಆಫ್ ಮಾಡ್ದೋಳು ಇಲ್ಲೇ ಅವ್ಳೆ. ತಪ್ಪಿಗೆ ಒಂದ್ ಸಾಲು ಹಾಡಿಸ್ತೀನಿ, ತಡೀರಿ."

ಹಾಡಿಸಿಯೇ ಬಿಟ್ಟರು. ನನ್ನ ರಾಗ ಎಲ್ಲೋ, ಅವರದು ಎಲ್ಲೋ. ಗುಬ್ಬಿಯಿಂದ ಬಂದ ನಗು ಸ್ಪೀಕರಿನಲ್ಲಿ ಒಡೆದು ಕೇಳಿಸಿತು. ನನಗೆ ನಾಚಿಕೆಯೂ ಆಯಿತು, ಮನಸ್ಸು ಹಗುರವೂ ಆಯಿತು.

ಮರುದಿನ ಮೇಲಧಿಕಾರಿಗೆ ನನ್ನ ತಪ್ಪನ್ನು ಇದ್ದಂತೆಯೇ ಹೇಳಿದೆ. ಅವರು ಬೈಯಲಿಲ್ಲ. "ಇನ್ಮೇಲೆ ಯಾವ ಆಂಟೆನಾ ಮಲಗಿಸೋಕ್ ಮುಂಚೆನೂ ಅದರ ಮುಂದೆ ಒಂದ್ಸಲ ನಡೆದು ಬನ್ನಿ" ಎಂದರು. ಆ ವಾರವೇ ಒಂದು ಜೊತೆ ಗಟ್ಟಿ ಶೂ ಕೊಂಡೆ. ಮುಂದಿನ ಟವರ್ ಇದ್ದ ಅಮೃತೂರಿನ ತೆಂಗಿನ ತೋಟಗಳ ನಡುವೆ ಅದನ್ನು ಮೊದಲ ಸಲ ಹಾಕಿಕೊಂಡು ಓಡಾಡಿದಾಗ ಎಳನೀರು ಕೊಟ್ಟು ಕೂರಿಸಿ ಮಾತಾಡಿಸಿದವರೇ ಆರು ಮಂದಿ. ಆ ಆರರಲ್ಲಿ ಇಬ್ಬರ ಫೋನು ಸ್ವಿಚ್ ಆಫ್ ಆಗಿತ್ತು; ಗ್ರಾಫ್‌ನಲ್ಲಿ ಕಾಣುತ್ತಿದ್ದದ್ದು ನಾಲ್ವರೇ.